ಕಾನಿನಿಂದ ತೋಟಕ್ಕೆ ಬಂದ ಬಳ್ಳಿ

ಶಿಕಾರಿಪುರದಿಂದ ಶಿರಾಳಕೊಪ್ಪ ಹಾದು ಆನವಟ್ಟಿಗೆ ಬರುವ ದಾರಿಯಲ್ಲಿ ಮಲೆನಾಡು, ಬಯಲುಸೀಮೆ ಎರಡೂ ಬೆರೆತುಕೊಂಡಿವೆ. ಒಂದು ಕಡೆ ಮೆಕ್ಕೆಜೋಳದ ಹೊಲ, ಇನ್ನೊಂದು ಕಡೆ ಅಡಿಕೆ ತೋಟ. ಸಮೀಪದ ಕೋಟಿಪುರದಲ್ಲಿ ಸುಮಾರು 900 ವರ್ಷ ಹಳೆಯ ಕೈಟಭೇಶ್ವರ ದೇವಾಲಯವಿದೆ. ಅದನ್ನು ನೋಡಲು ಬರುವ ಶಾಲಾ ಮಕ್ಕಳು ದಾರಿಬದಿಯ ಅಡಿಕೆ ಮರವನ್ನು ತಬ್ಬಿ ನಿಂತ ಮೆಣಸಿನ ಬಳ್ಳಿಯನ್ನೂ ಒಮ್ಮೆ ನೋಡಬೇಕು. ಅದರ ಚರಿತ್ರೆ ಇನ್ನೂ ಹಳೆಯದು.

ಸೊರಬ ಸೀಮೆಯಲ್ಲಿ ನಿತ್ಯಹಸಿರಿನ ದಟ್ಟ ಕಾಡಿಗೆ 'ಕಾನು' ಎನ್ನುತ್ತಾರೆ. ಹಳ್ಳಿಗರು ಕಾಪಾಡಿಕೊಂಡು ಬಂದ ಈ ಕಾನುಗಳ ಬಗೆಗೇ 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಒಂದು ವರದಿ ಬರೆದರು. ಕಾಳುಮೆಣಸಿನ ತವರು ಪಶ್ಚಿಮ ಘಟ್ಟದ ಇಂಥ ಕಾಡುಗಳೇ. ಕಾಡಿನಲ್ಲಿ ಸಾಮಾನ್ಯವಾಗಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ತೋಟದ ಬಳ್ಳಿಯಲ್ಲಾದರೋ ಬಹುಮಟ್ಟಿಗೆ ಒಂದೇ ಹೂವಿನಲ್ಲಿ ಎರಡೂ ಇರುತ್ತವೆ. ಅಂದರೆ ಯಾವುದೋ ಕಾಲದಲ್ಲಿ ಯಾರೋ ಕಾಡು ಸುತ್ತಿ, ಚೆನ್ನಾಗಿ ಕಾಳು ಕಟ್ಟುವ ಬಳ್ಳಿಯನ್ನೇ ಆಯ್ದು ತಂದು ನೆಟ್ಟಿದ್ದಾರೆ. ಹೆಸರಿಲ್ಲದ ಆ ರೈತರೇ ನಮ್ಮ ಮೊದಲ ತಳಿ ವಿಜ್ಞಾನಿಗಳು.

ಬಳ್ಳಿಗೆ ನೆರಳು ಬೇಕು, ಕತ್ತಲೆ ಬೇಡ. ನೆರಳು ಅತಿಯಾದರೆ ಎಲೆ ಹೆಚ್ಚುತ್ತದೆ, ಕಾಳು ಕಡಿಮೆಯಾಗುತ್ತದೆ. ಕೇರಳದ ಪನ್ನಿಯೂರು ಸಂಶೋಧನಾ ಕೇಂದ್ರದಿಂದ 1971ರಲ್ಲಿ ಬಂದ ಮೊದಲ ಮಿಶ್ರತಳಿ ಪನ್ನಿಯೂರು-1ಕ್ಕೆ ಬೆಳಕು ಹೆಚ್ಚು ಬೇಕು. ಹಳೆಯ ಕರಿಮುಂಡ ನೆರಳನ್ನು ಚೆನ್ನಾಗಿ ತಾಳುತ್ತದೆ.

ಮನೆಯ ಹಿತ್ತಿಲಲ್ಲೂ ಇದನ್ನು ಬೆಳೆಸಬಹುದು. ಬುಡದಿಂದ ಹೊರಟು ನೆಲದ ಮೇಲೆ ಹರಿಯುವ ಬಳ್ಳಿಯನ್ನು ಫೆಬ್ರುವರಿ-ಮಾರ್ಚಿನಲ್ಲಿ ಎರಡು ಮೂರು ಗೆಣ್ಣಿನ ತುಂಡು ಮಾಡಿ, ನೆರಳಲ್ಲಿ ಬೇರು ಬರಿಸಿ, ಜೂನ್ ಮಳೆ ಹಿಡಿದ ಮೇಲೆ ಮರದ ಉತ್ತರ ಮಗ್ಗುಲಲ್ಲಿ ನೆಡಬೇಕು. ಕಾಳು ಬಿಡುವ ಅಡ್ಡ ರೆಂಬೆಯನ್ನೇ ಬೇರು ಬರಿಸಿದರೆ ಅದು ಹಬ್ಬದೆ ಪೊದೆಯಾಗುತ್ತದೆ. ಕುಂಡದಲ್ಲೂ ಕಾಳು ಬಿಡುತ್ತದೆ. ತುಂಡನ್ನು ನೆರೆಯವರ ತೋಟದಿಂದಲೋ ನರ್ಸರಿಯಿಂದಲೋ ತನ್ನಿ, ಕಾನಿನಿಂದ ಕೀಳಬೇಡಿ.

ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಸೊರಗು ರೋಗ ಬರುತ್ತದೆ. ವರ್ಷಗಟ್ಟಲೆ ಬೆಳೆದ ಬಳ್ಳಿ ಕೆಲವೇ ವಾರಗಳಲ್ಲಿ ಒಣಗುತ್ತದೆ. ತೋಟದ ತುಂಬ ಒಂದೇ ತಳಿಯಿದ್ದರೆ ಅಪಾಯ ಇನ್ನೂ ಹೆಚ್ಚು. ರೋಗಕ್ಕೆ ಬಗ್ಗದ ಬಳ್ಳಿ ಬೇಕೆಂದರೆ ನಾಳೆಯೂ ಹುಡುಕಬೇಕಾದದ್ದು ಕಾಡಿನಲ್ಲೇ. ಕಾನು ಕರಗಿದರೆ, ಆಯ್ದುಕೊಳ್ಳಲು ನಮ್ಮ ಮಕ್ಕಳಿಗೆ ಏನು ಉಳಿದೀತು?