ಸಣ್ಣ ಶಬ್ದದ ದೊಡ್ಡ ಫಜೀತಿ

ಹ್ವಾದ ವರ್ಷ ಶ್ರಾವಣದಾಗ ಒಂದಿನ ರಾತ್ರಿ, ಮರುದಿನದ ಹೋಳಿಗಿಗೆ ಕಡ್ಲಿಬ್ಯಾಳಿ ಆರಿಸ್ಕೋತ ಕೂತಿದ್ದೆ. ಬೆಂಗಳೂರಿಂದ ಮಗಳ ಫೋನ್ ಬಂತು. ಹಲೋ ಅನ್ನೂದಕ್ಕಿಂತ ಮೊದ್ಲ ಅಳು. "ಅವ್ವಾ, ನಾ ಕೆಲಸಾ ಬಿಟ್ಟು ಬರ್ತೀನಿ. ಇಲ್ಲಿ ಇಂಗ್ಲಿಷ್ ನನಗ ತಿಳೀವಲ್ದು."

ಸೇರಿ ಎರಡು ತಿಂಗಳಾಗಿತ್ತು ಅಷ್ಟ. ಹತ್ತನೇತ್ತದ ತನಕ ಕನ್ನಡ ಮೀಡಿಯಂ, ಆಮ್ಯಾಲೆ ಬಿ.ಕಾಂ. ಲೆಕ್ಕದಾಗ ಭಾಳ ಚುರುಕು. ಆಗಿದ್ದೇನಂದ್ರ, ಮಂಗಳವಾರದ ಮೀಟಿಂಗ್ 'ಪುಟ್ ಆಫ್' ಮಾಡೇವಿ, ಗಿರಾಕಿಗೆ ತಿಳಿಸು ಅಂತ ಸಾಹೇಬ್ರು ಮೇಲ್ ಕಳಿಸಿದ್ರು. ನಮ್ಮ ಮನ್ಯಾಗ "ಲೈಟ್ ಪುಟ್ ಆಫ್ ಮಾಡು" ಅಂತೀವಲ್ಲ, ಅಂದ್ರ ಬಂದ್ ಅಂತ ತಿಳಕೊಂಡು ಈಕಿ ಮೀಟಿಂಗ್ ರದ್ದಾತು ಅಂತ ಗಿರಾಕಿಗೆ ಹೇಳಿಬಿಟ್ಲು. ಪುಟ್ ಆಫ್ ಅಂದ್ರ ಮುಂದಕ್ಕ ಹಾಕೂದು. ರದ್ದಿಗೆ 'ಕಾಲ್ ಆಫ್' ಅನ್ಬೇಕು. ಗಿರಾಕಿ ಸಿಟ್ಟಿಗೆದ್ದ, ಸಾಹೇಬ್ರು ನಾಲ್ಕು ಮಂದಿ ಮುಂದ ಬೈದ್ರು, ಉಳಿದವ್ರು ನಕ್ರು.

ನಮ್ಮ ಮನಿಯವ್ರು, "ಸಾಕು, ಬಂದುಬಿಡು ಅನ್ನು" ಅಂದ್ರು. ನನಗ ಬಾಯಿ ಬರ್ಲಿಲ್ಲ. ಪಿಯುಸಿ ಆದ ಮ್ಯಾಲೆ ನನಗೂ ಒಂದು ಕಡೆ ಟೈಪಿಸ್ಟ್ ಕೆಲಸಕ್ಕ ಕರದಿದ್ರು. ಇಂಗ್ಲಿಷ್‌ನ್ಯಾಗ ಮಾತಾಡ್ಸತಾರಂತ ಹೆದರಿ ನಾ ಹೋಗ್ಲೇ ಇಲ್ಲ. ಆ ಕಾಗದ ಇನ್ನೂ ಟ್ರಂಕಿನ್ಯಾಗ ಅದ. "ಒಂದು ತಿಂಗಳು ತಡಿ, ಇಬ್ರೂ ಕೂಡಿ ಕಲಿಯೂಣು" ಅಂದೆ.

ಮರುದಿನ ಓಣ್ಯಾಗಿನ ರಿಟೈರ್ಡ್ ಟೀಚರ್ ಹತ್ರ ಹೋದೆ. ಅವ್ರು ಹೇಳಿದ್ದು ನನಗ ಕಣ್ಣು ತೆರದಂಗಾತು. 1066ರಾಗ ಫ್ರಾನ್ಸ್ ಕಡಿಯ ನಾರ್ಮನ್ನರು ಇಂಗ್ಲಂಡ್ ಗೆದ್ರಂತ. ಮುಂದ ಫ್ರೆಂಚ್, ಲ್ಯಾಟಿನ್ ಶಬ್ದ ದರಬಾರಿಗೆ, ಪುಸ್ತಕಕ್ಕ ಬಂದ್ವು. ಮಂದಿ ಮನ್ಯಾಗ ಮಾತ್ರ ಗೆಟ್, ಪುಟ್, ಲುಕ್ ಇಂಥಾ ಹಳೇ ಸಣ್ಣ ಶಬ್ದನ ಉಳದ್ವು. ನಾವು ಸಾಲ್ಯಾಗ ಕಲ್ತದ್ದು ಪುಸ್ತಕದ್ದು: ಪೋಸ್ಟ್‌ಪೋನ್, ಇನ್ವೆಸ್ಟಿಗೇಟ್, ರಿಜೆಕ್ಟ್. ಆಫೀಸಿನ್ಯಾಗ ಮಂದಿ ಆಡೂದು ಪುಟ್ ಆಫ್, ಲುಕ್ ಇನ್‌ಟು, ಟರ್ನ್ ಡೌನ್. ಅಂದ್ರ ನಮ್ಮಂಗ! ನಾವು 'ಪರಿಶೀಲಿಸು' ಅಂತ ಎಲ್ಲಿ ಅಂತೀವ್ರಿ? 'ಏನದ ನೋಡು' ಅಂತೀವಿ. ಈಕಿಗೆ ಬರದೇ ಇದ್ದದ್ದು ಇಂಗ್ಲಿಷ್ ಅಲ್ಲ, ಅವ್ರ ಮನೀಮಾತು.

ರಾತ್ರಿ ಫೋನಿನ್ಯಾಗ ಮಗಳಿಗೆ ಹೇಳ್ದೆ, "ನಮ್ಮ ಕೈ ನೋಡು. ಕೈ ಹಾಕು ಅಂದ್ರ ಒಂದು, ಕೈ ಕೊಡು ಅಂದ್ರ ಮತ್ತೊಂದು. ಕೈ ಬಿಡು, ಕೈ ಹಿಡಿ, ಕೈ ಮಾಡು, ಎಲ್ಲಾ ಬ್ಯಾರೆ ಬ್ಯಾರೆ. ಕೈ ಗೊತ್ತಿದ್ದವ್ರಿಗೆ ಇವೆಲ್ಲಾ ತಿಳೀತಾವೇನು? ಒಂದೊಂದನ್ನೂ ಇಡೀ ಶಬ್ದದಂಗ ಕಲೀಬೇಕು." ಆಕಿ ನಕ್ಳು. ಎರಡು ತಿಂಗಳಿನ್ಯಾಗ ಮೊದಲ್ನೇ ಸಲ.

ದಿನಾ ಐದು ಅಂತ ಹಚ್ಚಿದ್ವಿ. ಆಕಿ ಆವತ್ತಿನ ಮೇಲ್‌ನ್ಯಾಗ ಬಂದದ್ದು ಹೇಳೂದು, ನಾ ಕಿರಾಣಿ ಲೆಕ್ಕದ ವಹ್ಯಾಗ ಬರಕೊಳ್ಳೂದು. ಲುಕ್ ಆಫ್ಟರ್ ಅಂದ್ರ ನೋಡ್ಕೊಳ್ಳೂದು, ಲುಕ್ ಇನ್‌ಟು ಅಂದ್ರ ಏನಾಗೇದಂತ ತನಿಖಿ ಮಾಡೂದು, ಲುಕ್ ಫಾರ್ ಅಂದ್ರ ಹುಡುಕೂದು. ಹ್ಯಾಂಡ್ ಓವರ್ ಅಂದ್ರ ಒಪ್ಪಸೂದು. ಗೆಟ್ ಬ್ಯಾಕ್ ಟು ಮಿ ಅಂದ್ರ ನನಗ ಉತ್ತರ ತಿಳಿಸು ಅಂತ. ಮೊದಲ್ನೇ ವಾರ ಹಿಂಗಂದಾಗ ಈಕಿ ಸಾಹೇಬ್ರ ಕೋಣಿಗೆ ಹೋಗಿ ಸುಮ್ನ ನಿಂತಿದ್ಲಂತ, ಪಾಪ.

ಒಂದು ಕಟ್ಟಳಿ ನನಗ ಹೋಳಿಗಿಯಿಂದ ತಿಳೀತು. 'ಫಿಲ್ ಇನ್ ದ ಫಾರ್ಮ್' ಅನ್ಬಹುದು, 'ಫಿಲ್ ದ ಫಾರ್ಮ್ ಇನ್' ಅಂದ್ರೂ ನಡೀತದ. ಆದ್ರ ಫಾರ್ಮ್ ಬದ್ಲಿ 'ಇಟ್' ಬಂತಂದ್ರ ಅದು ಹೂರಣದಂಗ ನಡುವನ ಇರಬೇಕು: 'ಫಿಲ್ ಇಟ್ ಇನ್'. ಲುಕ್ ಇನ್‌ಟು ಮಾತ್ರ ಒಡೆಯಂಗಿಲ್ಲ, 'ಲುಕ್ ಇನ್‌ಟು ಇಟ್' ಅಂತನ ಅನ್ಬೇಕು.

ಒಂದಿನ ನಾ ಮನಿಯವ್ರಿಗೆ ಗತ್ತಿಲೆ, "ವಿ ಹ್ಯಾವ್ ರನ್ ಔಟ್ ಆಫ್ ಶುಗರ್" ಅಂದೆ. ಅವ್ರು ಟಿವಿ ಕಡೆ ನೋಡಿ, "ಯಾರು ರನ್ ಔಟ್?" ಅಂದ್ರು. ಸಕ್ರಿ ಕಡಿಗೂ ನಾನ ತಂದೆ.

ಒಂದು ತಿಂಗಳಂದದ್ದು ಮೂರು ತಿಂಗಳಾತು. ನಡುವ ಎರಡು ಸಲ ಆಕಿ ಮತ್ತ ತಪ್ಪು ಮಾಡಿದ್ಲು, ಮತ್ತ ಅತ್ಲು. ಆದ್ರ ಬರ್ತೀನಿ ಅನ್ಲಿಲ್ಲ. ತಿಳೀದಿದ್ರ ಅಲ್ಲೇ ಎದ್ದು ಕೇಳ್ಲಿಕ್ಕೆ ಹತ್ತಿದ್ಲು. ದೀಪಾವಳಿ ಮುಂದ ಒಂದು ಮಧ್ಯಾಹ್ನ ತಾ ಬರದ ಮೇಲ್ ಓದಿ ಹೇಳಿದ್ಲು: "ಐ ವಿಲ್ ಲುಕ್ ಇನ್‌ಟು ಇಟ್ ಆ್ಯಂಡ್ ಗೆಟ್ ಬ್ಯಾಕ್ ಟು ಯು ಬೈ ಫೋರ್."

"ಸಾಹೇಬ್ರು ಏನಂದ್ರು?" ಅಂತ ಕೇಳ್ದೆ.

"ಏನೂ ಅನ್ಲಿಲ್ಲ ಅವ್ವಾ. 'ಓಕೆ' ಅಂತ ಬರದ್ರು. ಯಾರೂ ನಗ್ಲಿಲ್ಲ."

ಅಷ್ಟ ಸಾಕಾತು ನನಗ. ವಹಿ ಇನ್ನೂ ಅರ್ಧ ಖಾಲಿ ಅದ. ನಿಮ್ಮ ಮನ್ಯಾಗಿನ ಹುಡ್ಗ್ಯಾರು ಹಿಂಗ ಅತ್ರ ಬರ್ರಿ, ಕೊಡ್ತೀನಿ. ಸಕ್ರಿ ಲೆಕ್ಕದ ಹಾಳಿ ಮಾತ್ರ ಬಿಟ್ಟು ಓದ್ರಿ.