ಕಲ್ಲು ಜಾಲಿಸಿದ ಕಥೆ

ಸರ್ಕಾರಿ ಕಚೇರಿಯಲ್ಲಿ ಹನ್ನೆರಡು ವರ್ಷ ಗುಮಾಸ್ತಿಕೆ ಮಾಡಿದವರಿಗೆ ‘ನಾನು’ ಎಂಬ ಪದದ ಬಳಕೆಯೇ ತಪ್ಪಿಹೋಗುತ್ತದೆ. ನಾವು ಬರೆಯುವ ಟಿಪ್ಪಣಿಗೆ ಕರ್ತೃವೇ ಇರುವುದಿಲ್ಲ. ‘ಪರಿಶೀಲಿಸಲಾಗಿದೆ’, ‘ಮಂಡಿಸಲಾಗಿದೆ’ ಎಂದರೆ ಮುಗಿಯಿತು. ಆದ್ದರಿಂದ ಈ ಲೇಖನದಲ್ಲಿ ‘ನಾವು’ ಎಂದಿರುವ ಕಡೆಯಲ್ಲೆಲ್ಲ ವಾಚಕರು ಪುಣೆಯ ಒಬ್ಬ ಬಡ ಗುಮಾಸ್ತನೆಂದೇ ತಿಳಿಯಬೇಕು, ರಾಜಗಾಂಭೀರ್ಯವೆಂದು ಭ್ರಮಿಸಬಾರದು.

ಇಂಥ ನಾವು 2024ರ ಜುಲೈ ತಿಂಗಳಲ್ಲಿ ಅಮ್ಮನೊಡನೆ ಆಸ್ಟ್ರೇಲಿಯಾಕ್ಕೆ ಹೋಗಿಬಂದೆವು. ಹಣ ನಮ್ಮದಲ್ಲ. ಅಲ್ಲಿನ ಕ್ವೀನ್ಸ್‌ಲ್ಯಾಂಡ್ ಪ್ರಾಂತದ ರಾಕ್‌ಹ್ಯಾಂಪ್ಟನ್ ಎಂಬ ಊರಿನಲ್ಲಿ ನಮ್ಮ ಅಕ್ಕ ದಾದಿಯಾಗಿದ್ದಾಳೆ. “ಅತ್ತೆಗೆ ಎಪ್ಪತ್ತಾಯಿತು, ಕೈಕಾಲು ಗಟ್ಟಿ ಇರುವಾಗಲೇ ಕರೆದುಕೊಂಡು ಬನ್ನಿ” ಎಂದು ಭಾವನವರು ಇಬ್ಬರಿಗೂ ಟಿಕೆಟ್ಟು ಕಳುಹಿಸಿದರು. ನಮ್ಮ ಮನೆಯಾಕೆ ಮಗಳ ಶಾಲೆಗಾಗಿ ಹಿಂದುಳಿದಳು.

ಹೊರಡುವಾಗ ನಮ್ಮ ಮನಸ್ಸಿನಲ್ಲಿ ಒಂದು ಕಲ್ಲಿತ್ತು. ಅದನ್ನು ಮೊದಲೇ ಹೇಳಿಬಿಡುವುದು ಮೇಲು. ನಮ್ಮ ತಂದೆ ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರು. ಅಮ್ಮನಿಗೆ ತವರಿನಿಂದ ಬಂದ ಒಂದು ಜೊತೆ ಕೆಂಪಿನ ಓಲೆ ಇದ್ದವು. 2004ರಲ್ಲಿ, ಅಕ್ಕ ನರ್ಸಿಂಗ್ ಓದುತ್ತಿದ್ದಾಗ, ಅವು ಮಾರಿಹೋದವು. ಅಕ್ಕ ಓದಿ ಕಡಲು ದಾಟಿದಳು. ನಾವು ಬಿ.ಎ. ಮುಗಿಸಿ, ಎಂ.ಎ. ಆಸೆ ಬಿಟ್ಟು, ಪುಣೆಗೆ ಬಂದು ಕಡತ ಕಟ್ಟತೊಡಗಿದೆವು. ‘ಓಲೆಯೆಲ್ಲ ಅವಳ ಪಾಲಿಗೇ ಹೋಯಿತು’ ಎಂದು ನಾವು ಬಾಯಿಬಿಟ್ಟು ಆಡಿದವರಲ್ಲ. ಆದರೆ ಹಬ್ಬಕ್ಕೆ ಅವಳು ಫೋನು ಮಾಡಿದಾಗ ನಮ್ಮ ದನಿ ಒಂದು ಮೆಟ್ಟಿಲು ಕೆಳಗೇ ಇರುತ್ತಿತ್ತು.

ರಾಕ್‌ಹ್ಯಾಂಪ್ಟನ್ ಸೇರಿದ ನಾಲ್ಕನೆಯ ದಿನ ಅಕ್ಕ, “ರತ್ನ ಹುಡುಕಲು ಹೋಗೋಣ” ಎಂದಳು. ತಮಾಷೆಯೆಂದುಕೊಂಡೆವು. ಬೆಳಗಾಗುವುದರೊಳಗೆ ಭಾವನವರು ಕಾರಿನ ಹಿಂದೆ ಕ್ಯಾರವಾನ್ ಕಟ್ಟಿ ನಿಂತಿದ್ದರು. ಕ್ಯಾರವಾನ್ ಎಂದರೆ ಗಾಲಿಯ ಮೇಲಿನ ಮನೆ: ಮಂಚ, ಒಲೆ, ನೀರಿನ ತೊಟ್ಟಿ, ಪಾತ್ರೆಗೂಡು ಎಲ್ಲವೂ ಅದರೊಳಗೇ. ಅಮ್ಮ ಒಳಹೊಕ್ಕು ನೋಡಿ, “ನಮ್ಮ ಕಾಲದಲ್ಲಿ ಜಾತ್ರೆಗೆ ಕಮಾನುಗಾಡಿ ಕಟ್ಟಿಕೊಂಡು ಹೋಗ್ತಿದ್ದೆವಲ್ಲ, ಅದೇ ಇದು. ಎತ್ತಿಲ್ಲ ಅಷ್ಟೆ” ಎಂದು ತೀರ್ಪು ಕೊಟ್ಟು, ಅಕ್ಕಿ, ಬೇಳೆ, ಹುಣಸೆಹಣ್ಣು ಜೋಡಿಸತೊಡಗಿದಳು.

ರಾಕ್‌ಹ್ಯಾಂಪ್ಟನ್ ಇರುವುದು ಮಕರ ಸಂಕ್ರಾಂತಿ ವೃತ್ತದ ಮೇಲೆ. ಪಶ್ಚಿಮಕ್ಕೆ ಹೋಗುವ ಹೆದ್ದಾರಿಗೂ ಅದೇ ಮಕರದ ಹೆಸರು. ಜುಲೈ ಅಲ್ಲಿ ಚಳಿಗಾಲ. ಮಧ್ಯಾಹ್ನ ಇಳಿದು ನಿಂತರೆ ನಮ್ಮ ನೆರಳು ದಕ್ಷಿಣಕ್ಕೆ ಬಿದ್ದಿತ್ತು. ಸೂರ್ಯನು ನಮ್ಮೂರಿನ ಕಡೆಗೆ ಹೋಗಿದ್ದನು! ಬ್ಲ್ಯಾಕ್‌ವಾಟರ್ ಎಂಬಲ್ಲಿ ಕಲ್ಲಿದ್ದಲ ಗಣಿಗಳು. ಕೊನೆಯೇ ಕಾಣದಷ್ಟು ಉದ್ದದ ಕಲ್ಲಿದ್ದಲ ರೈಲುಗಳು. ಅದರಾಚೆಗೆ ಬಯಲು, ಹುಲ್ಲು, ಆಕಾಶ. ಸಂಜೆಯಾದೊಡನೆ ಕಾಂಗರೂಗಳು ರಸ್ತೆಗೆ ಹಾರುತ್ತವೆಂದು ಕ್ಯಾರವಾನಿನವರು ಬೆಳಕಿರುವಾಗಲೇ ಬಿಡಾರ ಹೂಡುತ್ತಾರೆ. ಸುಮಾರು 270 ಕಿಲೋಮೀಟರು ಕಳೆದ ಮೇಲೆ ಎಮರಾಲ್ಡ್ ಎಂಬ ಪಟ್ಟಣ. ಎಮರಾಲ್ಡ್ ಎಂದರೆ ಪಚ್ಚೆ, ಆದರೆ ಅಲ್ಲಿ ಪಚ್ಚೆ ಸಿಕ್ಕುವುದಿಲ್ಲ. ಹಸುರು ಹುಲ್ಲುಗಾವಲಿನಿಂದ ಬಂದ ಹೆಸರಂತೆ. ಅಲ್ಲಿಂದ ಮುಂದೆ ಅನಾಕಿ, ಸಫೈರ್, ರೂಬಿವೇಲ್. ರೂಬಿವೇಲಿನಲ್ಲಿ ಕೆಂಪು ತೀರ ಅಪರೂಪ, ಸಿಕ್ಕುವುದೆಲ್ಲ ನೀಲ. ಸಫೈರ್ ಊರೊಂದೇ ಹೆಸರಿಗೆ ತಕ್ಕಂತೆ ನಡೆದುಕೊಂಡಿದೆ.

ಅನಾಕಿಯ ಸುತ್ತ ನೀಲ ಸಿಕ್ಕಿದ್ದು 1875ರ ಸುಮಾರಿನಲ್ಲಿ. ಬಹು ಹಿಂದೆ ಅಲ್ಲಿ ಜ್ವಾಲಾಮುಖಿಗಳಿದ್ದವು. ಅವು ಮೇಲಕ್ಕೆ ತಂದ ಹರಳುಗಳು ಹಳೆಯ ಹೊಳೆಗಳ ಜಲ್ಲಿಯಲ್ಲಿ ಸೇರಿಕೊಂಡಿವೆ. ಅದನ್ನು ಹವ್ಯಾಸಕ್ಕಾಗಿ ಅಗೆದು ಹುಡುಕುವುದಕ್ಕೆ ಫಾಸಿಕಿಂಗ್ ಎನ್ನುತ್ತಾರೆ. ಅದಕ್ಕೆ ಸರ್ಕಾರದ ಪರವಾನಗಿ ಬೇಕು. ಗುಮಾಸ್ತನಿಗೆ ಷರತ್ತು ಓದುವುದೇ ಒಂದು ಸುಖವಷ್ಟೆ. ನಾವು ಆಮೂಲಾಗ್ರ ಓದಿದೆವು. ಕೈಸಲಕರಣೆ ಮಾತ್ರ, ಯಂತ್ರ ಕೂಡದು; ಗುರುತು ಮಾಡಿದ ಜಾಗದಲ್ಲಿ ಮಾತ್ರ; ವ್ಯಾಪಾರಕ್ಕಲ್ಲ. ಸಿಕ್ಕಿದ್ದು ಸಿಕ್ಕಿದವರದು.

ಬಿಡಾರದಲ್ಲಿ ಭಾವನವರು ಒಂದು ಸಂಗತಿ ಹೇಳಿದರು. 1930ರ ದಶಕದಲ್ಲಿ ಇಲ್ಲಿನ ಗಣಿಗಾರನೊಬ್ಬನ ಮಗನಿಗೆ ಮೊಟ್ಟೆಯ ಗಾತ್ರದ ಕರಿಯ ಕಲ್ಲೊಂದು ಸಿಕ್ಕಿತು. ಬೆಲೆಯಿಲ್ಲದ್ದೆಂದು ಮನೆಯವರು ಬಾಗಿಲಿಗೆ ಅಡ್ಡ ಇಟ್ಟರು. ಹತ್ತು ವರ್ಷದ ಮೇಲೆ, 1947ರಲ್ಲಿ, ಅಮೆರಿಕದ ರತ್ನವ್ಯಾಪಾರಿಯೊಬ್ಬನು ಕೊಂಡು ಸಾಣೆ ಹಿಡಿದಾಗ ಅದರೊಳಗಿಂದ ನಕ್ಷತ್ರ ಮೂಡಿತು. 733 ಕ್ಯಾರಟ್ಟಿನ ‘ಬ್ಲ್ಯಾಕ್ ಸ್ಟಾರ್ ಆಫ್ ಕ್ವೀನ್ಸ್‌ಲ್ಯಾಂಡ್’ ಅದೇ. ನಾವು ಹತ್ತು ವರ್ಷದ ನಷ್ಟವನ್ನು ಲೆಕ್ಕ ಹಾಕುತ್ತಿದ್ದರೆ ಅಮ್ಮ, “ಬಾಗಿಲಿಗೂ ಒಂದು ಕಲ್ಲು ಬೇಕಲ್ಲಪ್ಪ” ಎಂದಳು.

ಮರುದಿನ ಕೆಲಸ ಹಿಡಿದೆವು. ಭಾವನವರೂ ನಾವೂ ಗುದ್ದಲಿ, ಸಲಿಕೆಗಳಿಂದ ಜಲ್ಲಿ ಅಗೆದು ದಪ್ಪ ಜರಡಿಗೆ ಸುರಿಯುವುದು. ಉಳಿದದ್ದನ್ನು ಸಣ್ಣ ಜರಡಿಯಲ್ಲಿ ತುಂಬಿ ನೀರಿನ ತೊಟ್ಟಿಯಲ್ಲಿ ಅದ್ದಿ ಕುಲುಕುವುದು. ನೀಲವು ನೀರಿಗಿಂತ ನಾಲ್ಕು ಪಟ್ಟು ಭಾರ. ಸಾಮಾನ್ಯ ಬೆಣಚುಕಲ್ಲು ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಕುಲುಕಿದಂತೆ ಭಾರದ್ದು ತಳಕ್ಕಿಳಿದು ನಡುವೆ ಸೇರುತ್ತದೆ. ಆಮೇಲೆ ಜರಡಿಯನ್ನು ಗೋಣಿತಾಟಿನ ಮೇಲೆ ಇಡ್ಲಿತಟ್ಟೆಯಂತೆ ಬೋರಲು ಹಾಕಬೇಕು. ತಳದ್ದು ಮೇಲೆ ಬಂದು ಬಿಸಿಲಿಗೆ ಮಿನುಗುತ್ತದೆ. ನಾವು ಹಾಕಿದಾಗ ಮಾತ್ರ ಏನೂ ಮಿನುಗಲಿಲ್ಲ. ಗುಡ್ಡ ಅಗೆದು ಇಲಿ ಹಿಡಿಯುವುದಂತಿರಲಿ, ಇಲಿಯೂ ಇಲ್ಲ.

ಅಮ್ಮನಿಗೆ ಮೊದಲು ಇದರಲ್ಲಿ ಮನಸ್ಸಿರಲಿಲ್ಲ. “ನೀಲ ಶನಿಯ ಕಲ್ಲು ಕಣೇ, ಎಲ್ಲರಿಗೂ ಆಗಿಬರೋಲ್ಲ” ಎಂದು ಅಕ್ಕನಿಗೆ ಹೇಳಿ ದೂರ ಕುಳಿತಿದ್ದಳು. ಸ್ವಲ್ಪ ಹೊತ್ತು ನಮ್ಮ ಕುಲುಕಾಟ ನೋಡಿದವಳೇ ಎದ್ದು ಬಂದು, “ಇದೇನೋ, ಅಕ್ಕಿ ಜಾಲಿಸೋದಲ್ಲವೇ ಇದು? ಕೊಡಿಲ್ಲಿ” ಎಂದು ಜರಡಿ ಕಿತ್ತುಕೊಂಡಳು. ಐವತ್ತು ವರ್ಷ ಅಕ್ಕಿಯಿಂದ ಕಲ್ಲು ಬೇರೆ ಮಾಡಿದ ಕೈ. ನೀರಿನಲ್ಲಿ ಒಂದು ತಿರುವು, ಒಂದು ತಟ್ಟು, ಮತ್ತೊಂದು ತಿರುವು. ಮೂರನೆಯ ಜರಡಿ ಬೋರಲು ಹಾಕಿದಾಗ ನಟ್ಟನಡುವೆ ತೊಗರಿಕಾಳಿನಷ್ಟು ದೊಡ್ಡ ಹರಳು! ಬಿಸಿಲಿಗೆ ಹಿಡಿದರೆ ಒಂದು ಕಡೆ ನೀಲಿ, ಒಂದು ಕಡೆ ಹಸುರು, ಅಂಚಿನಲ್ಲಿ ಹಳದಿ. ಪಕ್ಕದ ಕ್ಯಾರವಾನಿನ ಮುದುಕ ದಂಪತಿಗಳು ಓಡಿಬಂದು ಅಮ್ಮನ ಕೈ ಕುಲುಕಿದರು. “ನಮ್ಮಲ್ಲಿ ಕಲ್ಲು ಬಿಸಾಡಿ ಅಕ್ಕಿ ಇಟ್ಕೋತೀವಿ, ಇಲ್ಲಿ ತಿರುಗಾಮುರುಗಾ” ಎಂದು ಅಮ್ಮ ಅವರಿಗೆ ಕನ್ನಡದಲ್ಲಿಯೇ ವಿವರಿಸಿದಳು.

ಎಲ್ಲರೂ ನಕ್ಕೆವು. ಅಕ್ಕ ಮಾತ್ರ ನಗಲಿಲ್ಲ.

ರಾತ್ರಿ ಕ್ಯಾರವಾನಿನ ಮುಂದೆ ಬೆಂಕಿ ಹಾಕಿ ಕುಳಿತಾಗ ಅವಳೇ ಬಾಯಿಬಿಟ್ಟಳು. “ಅಮ್ಮ, ಆರು ಚಳಿಗಾಲದಿಂದ ಇಲ್ಲಿಗೆ ಬರ್ತಾ ಇದ್ದೀನಿ. ಇಲ್ಲಿ ಕೆಂಪು ಸಿಕ್ಕೋದು ಕಷ್ಟ ಅಂತ ಗೊತ್ತು. ಅಂಗಡಿಯಲ್ಲಿ ತೆಗೆದುಕೊಡಬಹುದಾಗಿತ್ತು. ಆದರೆ ನಿನ್ನ ಓಲೆಗೆ ನನ್ನ ಕೈಯಾರೆ ಎರಡು ಕಲ್ಲು ಹುಡುಕಬೇಕು ಅಂತ ಹಟ. ಇಪ್ಪತ್ತು ವರ್ಷವಾಯಿತು, ಸಾಲ ಹಾಗೇ ಉಳಿದಿದೆ.” ಅವಳ ದನಿ ನಡುಗಿತು. ಕೆಂಪೂ ನೀಲವೂ ಬೇರೆಯಲ್ಲ, ಎರಡೂ ಒಂದೇ ಕುರಂದದ ಜಾತಿ, ಒಡಹುಟ್ಟಿದವು ಎಂದು ಭಾವನವರು ಸಮಾಧಾನ ಹೇಳಲು ಹೋದರು.

ಅಮ್ಮ ಬೆಂಕಿಗೆ ಒಂದು ಕಟ್ಟಿಗೆ ದೂಡಿದಳು. “ಸಾಲ ಅಂತ ಕೊಟ್ಟಿದ್ದರೆ ಬಡ್ಡಿ ಕೇಳ್ತಿರಲಿಲ್ಲವೇನೇ? ಅದೂ ಅಲ್ಲದೆ ಪೂರ್ತಿ ನಿನಗೆಲ್ಲಿ ಕೊಟ್ಟೆ? ಓಲೆ ಮಾರಿದ ದುಡ್ಡಲ್ಲಿ ಅರ್ಧ ನಿನ್ನ ಫೀಜಿಗೆ. ಇನ್ನರ್ಧ ಮೂರು ವರ್ಷ ಇವನ ಬಿ.ಎ. ಹಾಸ್ಟೆಲಿಗೆ ಹೋಯಿತು. ಎಣಿಸಿ ಎಣಿಸಿ ಕಳಿಸ್ತಿದ್ದರು ನಿಮ್ಮಪ್ಪ.”

ನಮ್ಮ ಹಾಸ್ಟೆಲಿಗೆ! ತಂದೆಯ ಸಂಬಳದಿಂದ ಬರುತ್ತಿತ್ತೆಂದೇ ನಾವು ಇಪ್ಪತ್ತು ವರ್ಷ ತಿಳಿದಿದ್ದೆವು. ಪ್ರತಿಯೊಂದು ಬಿಲ್ಲಿಗೂ ಮೂಲದಾಖಲೆ ಕೇಳುವ ಗುಮಾಸ್ತರು ನಾವು; ಮನೆಯ ಲೆಕ್ಕವನ್ನು ಮಾತ್ರ ಒಂದು ದಿನವೂ ಕೇಳಿರಲಿಲ್ಲ. “ಮೊದಲೇ ಯಾಕಮ್ಮ ಹೇಳಲಿಲ್ಲ?” ಎಂದೆವು. “ಕೇಳಿದ್ದರೆ ಹೇಳ್ತಿದ್ದೆ ಕಣೋ” ಎಂದಳು, ಅಷ್ಟೆ. ಅಕ್ಕ ನಮ್ಮ ಕಡೆ ನೋಡಿದಳು. ನಮ್ಮ ದನಿ ಫೋನಿನಲ್ಲಿ ಏಕೆ ಹಾಗಿರುತ್ತಿತ್ತೆಂಬುದು ಅವಳಿಗೆ ಗೊತ್ತಿತ್ತೆಂದು ಆ ನೋಟದಲ್ಲಿ ತಿಳಿಯಿತು. ನಾವು ಎದ್ದುಹೋಗಿ ಅವಳ ಪಕ್ಕದಲ್ಲಿ ಕುಳಿತೆವು. ಬೆಂಕಿ ಆರುವ ತನಕ ಯಾರೂ ಮಾತಾಡಲಿಲ್ಲ.

ರೂಬಿವೇಲಿನ ಸಾಣೆಗಾರನಿಗೆ ಹರಳು ತೋರಿಸಿದೆವು. ಚೆಲುವಾದದ್ದೆಂದೂ, ಆದರೆ ಕಲ್ಲಿನ ಬೆಲೆಗಿಂತ ಕೂಲಿಯೇ ಹೆಚ್ಚಾದೀತೆಂದೂ ಆತನು ಪ್ರಾಮಾಣಿಕವಾಗಿ ಹೇಳಿದನು. “ಹಾಗೇ ಇರಲಿ” ಎಂದು ಅಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಊರು ಬಿಟ್ಟು ಪುಣೆ, ಮುಂಬಯಿ, ದಿಲ್ಲಿಗಳಲ್ಲಿ ನೆಲೆಸಿದ ನಮ್ಮಂಥವರ ಹಿಂದೆ ಯಾರದೋ ಓಲೆಯೋ ಬಳೆಯೋ ಇದ್ದೇ ಇರುತ್ತದೆ. ಕೇಳಬೇಕಾದವರನ್ನು ವಾಚಕರು ಕಾಲವಿರುವಾಗಲೇ ಕೇಳಿಬಿಡುವುದು ಒಳ್ಳೆಯದು.

ಆ ಹರಳು ಈಗ ನಮ್ಮ ಅಡಿಗೆಮನೆಯ ಸಾಸಿವೆ ಡಬ್ಬಿಯಲ್ಲಿದೆ. ಶನಿಮಹಾತ್ಮ ಇದುವರೆಗೆ ಸುಮ್ಮನಿದ್ದಾನೆ. ಭಾನುವಾರ ಅಕ್ಕನಿಗೆ ಫೋನು ಮಾಡುವವರು ಈಗ ನಾವೇ. ಪೊಟ್ಟಣದಲ್ಲಿ ಬರುವ ಅಕ್ಕಿಯಲ್ಲಿ ಕಲ್ಲೇ ಇರುವುದಿಲ್ಲ. ಆದರೂ ಅಮ್ಮ ಬೆಳಗಾದರೆ ಜಾಲಿಸಿಯೇ ಒಲೆಗಿಡುತ್ತಾಳೆ.