ಶ್ಯಾವಿಗೆಯ ಮೇಲೊಂದು ಆಮ್ಲೆಟ್

ಉಡುಪಿಯಿಂದ ಅಬುಧಾಬಿಗೆ ಬಂದಾಗ ನಮಗೆ ಊಟದ ಚಿಂತೆಯೇನೂ ಇರಲಿಲ್ಲ. ಕುಚ್ಚಲಕ್ಕಿ, ತೆಂಗಿನಕಾಯಿ, ಕರಿಬೇವು ಎಲ್ಲವೂ ಇಲ್ಲಿ ಸಿಗುತ್ತವೆ. ದುಬೈನ ಕರಾಮಾಕ್ಕೆ ಹೋದರೆ ಮಸಾಲೆ ದೋಸೆಯೂ ಉಂಟು. ಫಜೀತಿಯಾದದ್ದು ನೆರೆಮನೆಯ ತಟ್ಟೆಯಿಂದ.

ಮೊದಲ ರಂಜಾನ್‌ನಲ್ಲಿ ಪಕ್ಕದ ಮನೆಯ ಎಮಿರಾತಿ ಅಜ್ಜಿ ಬಲಾಲೀಟ್ ಕಳುಹಿಸಿದರು. ಸಕ್ಕರೆ, ಏಲಕ್ಕಿ, ಕೇಸರಿ ಹಾಕಿದ ಶ್ಯಾವಿಗೆ. ನಮ್ಮ ಮನೆಯದೇ ಪರಿಮಳ. ಆದರೆ ಮೇಲೆ ಆಮ್ಲೆಟ್! ಮೊಟ್ಟೆ ತಿನ್ನದ ನಾವು ಮುಖ ಮುಖ ನೋಡಿಕೊಂಡೆವು. ಬಿಸಾಡಲು ಮನಸ್ಸಿಲ್ಲ, ಹೇಳಲು ಧೈರ್ಯವಿಲ್ಲ. ಅದನ್ನು ಕಟ್ಟಡದ ವಾಚ್‌ಮನ್‌ಗೆ ಕೊಟ್ಟೆವು. ಖಾಲಿ ತಟ್ಟೆ ಹಿಂದಿರುಗಿಸಬಾರದೆಂದು ಅಮ್ಮ ಗೋಳಿಬಜೆ ಇಟ್ಟು ಕಳುಹಿಸಿದರು. (ಇಲ್ಲಿಯ ಲುಕೈಮಾತ್ ನೋಡಲು ಅದರ ತಮ್ಮನಂತೆಯೇ ಇದೆ, ಸಿಹಿ ಅಷ್ಟೆ.) ಮರುದಿನ ಇನ್ನೂ ದೊಡ್ಡ ತಟ್ಟೆ ಬಂತು!

ಮೂರನೆಯ ದಿನ ನಮ್ಮ ಪುಟ್ಟ ತಮ್ಮ ಬಾಗಿಲಲ್ಲೇ ಹಿಂದಿಯಲ್ಲಿ ನಿಜ ಹೇಳಿಬಿಟ್ಟ. ಅಮ್ಮನಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಅಜ್ಜಿ ಏನೂ ಹೇಳದೆ ನಮ್ಮನ್ನೆಲ್ಲ ಒಳಗೆ ಕರೆದು ಖರ್ಜೂರ, ಗಾಹ್ವಾ ಕೊಟ್ಟರು. ಕುಡಿದಂತೆಲ್ಲ ಪುಟ್ಟ ಬಟ್ಟಲು ತುಂಬುತ್ತಲೇ ಇತ್ತು. ಸಾಕಾದರೆ ಬಟ್ಟಲನ್ನು ಅಲುಗಾಡಿಸಬೇಕೆಂದು ತಿಳಿಯದೆ ಅಮ್ಮ ಆರು ಸಲ ಕುಡಿದರು. ಆ ರಾತ್ರಿ ಅವರಿಗೆ ನಿದ್ದೆಯೇ ಇಲ್ಲ.

ಈಗಲೂ ಬಲಾಲೀಟ್ ಬರುತ್ತದೆ, ಆಮ್ಲೆಟ್ ಇಲ್ಲದೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹರೀಸ್ ಎಂಬ ಗೋಧಿ-ಮಾಂಸದ ಅಡುಗೆಯನ್ನೂ ನಮಗಾಗಿ ಮಾಂಸವಿಲ್ಲದೆ ಮಾಡಿಕೊಡಿ ಎಂದು ಕೇಳಲು ಮಾತ್ರ ಅಮ್ಮನಿಗೆ ಇನ್ನೂ ಬಾಯಿ ಬಂದಿಲ್ಲ.